ಮೂರು ಸರಪಳಿ ಹತ್ತಾಣೆ

ಸವಣೂರಿನ ಉಸ್ಮಾನಸಾಬ ಊರಿಗೆ ಬರುವ ಮೊದಲು ಅವನ ಸದ್ದು ಬರುತ್ತಿತ್ತು. ಹೆಗಲ ಮೇಲಿನ ಗೋಣಿಚೀಲದಲ್ಲಿ ಸರಪಳಿ ಸುರುಳಿ ಸುತ್ತಿ ಮಲಗಿರುತ್ತಿತ್ತು. ಹೆಜ್ಜೆಗೊಮ್ಮೆ ಕಿಣಿ ಕಿಣಿ ಎನ್ನುತ್ತಿತ್ತು. ಹಾನಗಲ್ಲಿನ ಗದ್ದೆ ಬಯಲಿನಲ್ಲಾಗಲಿ, ಹಿರೇಕೆರೂರಿನ ಕೆಂಪು ಹೊಲಗಳಲ್ಲಾಗಲಿ, ಶಿಗ್ಗಾವಿಯ ದಾರಿಯಲ್ಲಾಗಲಿ ಆ ಸದ್ದು ಕೇಳಿದರೆ ಕಳೆ ತೆಗೆಯುತ್ತಿದ್ದ ಹೆಂಗಸರು ಸೊಂಟ ನೇರ ಮಾಡಿ, "ಯಾರ ಮನ್ಯಾಗೋ ಪಾಲು ಆಗಾಕತ್ತೈತಿ ನೋಡವ್ವ" ಎಂದು ಮಾತಾಡಿಕೊಳ್ಳುತ್ತಿದ್ದರು.

ಸರಕಾರದ ಮೋಜಣಿ ಖಾತೆಯಲ್ಲಿ ಅವನು ಇಪ್ಪತ್ತು ವರ್ಷ ಹೊಲ ಅಳೆಯುವ ಸರಪಳಿ ಎಳೆದಿದ್ದ. ಮೊಳಕಾಲು ಹಿಡಿದುಕೊಳ್ಳತೊಡಗಿದ ಮೇಲೆ ನೌಕರಿ ಬಿಟ್ಟ. ಆದರೆ ಜನ ಅವನನ್ನು ಬಿಡಲಿಲ್ಲ. ಅಣ್ಣತಮ್ಮಂದಿರು ಬೇರೆಯಾಗುವಾಗ, ಬದು ಒತ್ತಿ ಜಗಳ ಬಂದಾಗ, ಕಚೇರಿಗೆ ಹೋಗುವ ಮೊದಲು ಅವನನ್ನು ಕರೆಯುತ್ತಿದ್ದರು. ಅವನು ಬರುತ್ತಿದ್ದ, ಅಳೆಯುತ್ತಿದ್ದ, ಕಲ್ಲು ನೆಡಿಸುತ್ತಿದ್ದ. ಅಲ್ಲಿಗೆ ಜಗಳ ಮುಗಿಯುತ್ತಿತ್ತು.

ಅವನ ಸರಪಳಿ ಮೂವತ್ತಮೂರು ಅಡಿಯದು. ಅದನ್ನು ಹದಿನಾರು ಆಣೆಗಳಾಗಿ ಭಾಗ ಮಾಡಿ, ಆಣೆಗೊಂದು ಹಿತ್ತಾಳೆಯ ಬಿಲ್ಲೆ ತೂಗುಬಿಟ್ಟಿದ್ದರು. ಒಂದು ಆಣೆ ಎಂದರೆ ಎರಡು ಅಡಿ, ಮೇಲೆ ಬೆರಳಗಲ. ಸರಪಳಿ ಉದ್ದ, ಸರಪಳಿ ಅಗಲದ ನೆಲ ಒಂದು ಗುಂಟೆ. ಈ ಲೆಕ್ಕವನ್ನು ಅವನು ಬಾಯಿಯಿಂದ ಮಾಡುತ್ತಿರಲಿಲ್ಲ. ಬಿಲ್ಲೆಗಳ ಮೇಲೆ ಸರಿದುಹೋಗುವ ಬೆರಳುಗಳೇ ಮಾಡುತ್ತಿದ್ದವು. ಅಳತೆ ಎರಡು ಬಿಲ್ಲೆಗಳ ನಡುವೆ ಬಿದ್ದರೆ ಅವನದೊಂದು ನೇಮವಿತ್ತು. ಅರ್ಧ ಆಣೆಗೆ ಕಡಿಮೆ ಬಂದರೆ ಬಿಡುವುದು, ಅರ್ಧವೋ ಅದಕ್ಕೆ ಮೇಲೋ ಬಂದರೆ ಪೂರ್ತಿ ಆಣೆ ಹಿಡಿಯುವುದು. ಹೊಲ ಗೌಡನದಾದರೂ ಅಷ್ಟೇ, ಬಡವನದಾದರೂ ಅಷ್ಟೇ.

ಕಲ್ಲು ನೆಡುವುದಕ್ಕೂ ಒಂದು ಪದ್ಧತಿ ಇತ್ತು. ಗುಂಡಿ ತೋಡಿ, ತಳದಲ್ಲಿ ಬೊಗಸೆ ಇದ್ದಲು ಸುರಿದು, ಅದರ ಮೇಲೆ ಕಲ್ಲು ನಿಲ್ಲಿಸುತ್ತಿದ್ದರು. ಇದ್ದಲಿಗೆ ಗೆದ್ದಲು ಹತ್ತುವುದಿಲ್ಲ, ಅದು ನೀರಿಗೆ ಕರಗುವುದಿಲ್ಲ. ನಾಳೆ ಯಾರಾದರೂ ಮೇಲಿನ ಕಲ್ಲನ್ನು ಕದ್ದು ಸರಿಸಿದರೆ, ನೆಲ ಅಗೆದು ನೋಡಿದಾಗ ಇದ್ದಲು ಸಾಕ್ಷಿ ಹೇಳುತ್ತದೆ. ಇದ್ದಲು ಬಿದ್ದ ಮೇಲೆ ಆ ಕಲ್ಲನ್ನು ಮುಟ್ಟುವವರಿರಲಿಲ್ಲ. ಉಸ್ಮಾನಸಾಬ ನೆಟ್ಟ ಕಲ್ಲುಗಳಲ್ಲಿ ಒಂದೂ ಅಲುಗಿರಲಿಲ್ಲ. ಹೆಮ್ಮೆ ಎಂಬುದು ಅವನಲ್ಲಿ ಇದ್ದರೆ ಇಷ್ಟೇ ಇತ್ತು.

ಐವತ್ತೆರಡನೆಯ ವಯಸ್ಸಿನಲ್ಲಿ ಅವನು ದಶಾಂಶ ಕಲಿತ.

ಕಲಿಸಿದವರು ಸವಣೂರಿನ ಕನ್ನಡ ಶಾಲೆಯ ಉಳಿವೆಪ್ಪ ಮಾಸ್ತರರು. ಸಂಜೆ ಶಾಲೆ ಬಿಟ್ಟ ಮೇಲೆ ಕಟ್ಟೆಯ ಮೇಲೆ ಇಬ್ಬರೂ ಪಾಟಿ ಹಿಡಿದು ಕೂರುತ್ತಿದ್ದರು. ಒಂದನ್ನು ಹತ್ತು ಪಾಲು ಮಾಡು, ಆ ಪಾಲನ್ನು ಮತ್ತೆ ಹತ್ತು ಮಾಡು. ಎಷ್ಟು ಚಿಕ್ಕದಾದರೂ ಬರೆಯಲು ಜಾಗ ಇದ್ದೇ ಇದೆ ಎಂಬುದನ್ನು ಕಂಡು ಉಸ್ಮಾನಸಾಬನಿಗೆ ಹೊಸ ಊರಿನ ಬೀದಿಗಳಲ್ಲಿ ಅಲೆದಷ್ಟು ಸಂತೋಷವಾಯಿತು. ಅದಕ್ಕೂ ಹೆಚ್ಚು ಅವನ ಮನಸ್ಸು ಸೆಳೆದದ್ದು ಲಂಬಕೋನದ ತ್ರಿಕೋನ.

"ನೋಡ್ರಿ ಸಾಬರ," ಎಂದು ಮಾಸ್ತರರು ಪಾಟಿಯ ಮೇಲೆ ಗೆರೆ ಎಳೆದಿದ್ದರು. "ಇದು ನೆಟ್ಟನ್ನ ಮೂಲಿ. ಇದರ ಎದುರಿಗಿನ ಉದ್ದನ್ನ ಗೆರಿ ಕರ್ಣ. ಮೂಲಿಯಿಂದ ಕರ್ಣಕ್ಕ ಒಂದು ಲಂಬ ಇಳಿಸಿದ್ರ ಅದು ಎಲ್ಲಿ ಬೀಳ್ತೈತಿ ಹೇಳ್ರಿ?"

"ಹೊಲಕ್ಕ ಹೋಗಿ ನೋಡಿ ಹೇಳ್ತೇನ್ರಿ."

"ಹೊಲಕ್ಕ ಹೋಗೂದು ಬ್ಯಾಡ. ಸಣ್ಣ ಬದಿಯನ್ನ ಅದರಿಂದಲೇ ಗುಣಿಸ್ರಿ, ಕರ್ಣದಿಂದ ಭಾಗಿಸ್ರಿ. ಸಣ್ಣ ಬದಿಯ ತುದಿಯಿಂದ ಅಷ್ಟು ದೂರಕ್ಕ ಬೀಳ್ತೈತಿ. ಲಂಬದ ಉದ್ದ ಬೇಕಂದ್ರ ಎರಡೂ ಬದಿ ಗುಣಿಸಿ, ಕರ್ಣದಿಂದ ಭಾಗಿಸ್ರಿ."

"ಮೂಲ್ಯಾಗ ನಿಂತು ನೋಡೂದೂ ಬ್ಯಾಡ?"

"ಕಣ್ಣು ಮುಚ್ಚಿ ಹೇಳಬಹುದು."

ಮೂವತ್ತು ವರ್ಷ ಕಣ್ಣು ಕಿರಿದು ಮಾಡಿಕೊಂಡು ಬಿಸಿಲಲ್ಲಿ ನೋಡುತ್ತ ಬಂದವನಿಗೆ ಈ ಮಾತು ಎಷ್ಟು ತಂಪಾಗಿ ಕೇಳಿತೆಂದರೆ, ಆ ವಾರವೆಲ್ಲ ಅವನು ಗೋಡೆ ನೋಡಿದರೂ ಚಾವಣಿ ನೋಡಿದರೂ ಲಂಬ ಇಳಿಸುತ್ತಿದ್ದ.

ಆ ವರ್ಷದ ದೀಪಾವಳಿಯ ನಂತರ ಆಡೂರಿನಿಂದ ಕರೆ ಬಂತು. ಯುದ್ಧದ ಕಾಲ, ಸಾವಿರದ ಒಂಬೈನೂರ ನಲವತ್ತೆರಡು. ಆಡೂರಿನಲ್ಲಿ ಅವನ ಹಳೆಯ ಗೆಳೆಯನೊಬ್ಬ ತೀರಿಕೊಂಡಿದ್ದ. ಸಾಯುವ ಮೊದಲು ಹಳ್ಳದ ದಂಡೆಯ ಮೂರು ಮೂಲೆಯ ತುಂಡು ಹೊಲವನ್ನು ಬಾಯಿಮಾತಿನಲ್ಲಿ ಇಬ್ಬರು ಮಕ್ಕಳಿಗೂ ಹಂಚಿದ್ದ: "ಮೇಲಿನ ಮೂಲೆಯಿಂದ ಹಳ್ಳಕ್ಕೆ ನೆಟ್ಟಗೆ ಒಂದು ಒಡ್ಡು ಹಾಕಿಸಿರಿ. ದೊಡ್ಡ ಪಾಲು ಶಂಕ್ರಪ್ಪನಿಗೆ, ಸಣ್ಣದು ಹೊನ್ನವ್ವನಿಗೆ." ಹೊನ್ನವ್ವ ಗಂಡನನ್ನು ಕಳೆದುಕೊಂಡು ಊರಿಗೆ ಮರಳಿದವಳು. ಮೆಣಸಿನಕಾಯಿ, ಬದನೆಯ ಸಸಿ ಮಡಿ ಹಾಕಿ, ಹಾನಗಲ್ಲಿನ ಸಂತೆಗೆ ಹೊತ್ತು ಮಾರಿ ಬದುಕುತ್ತಿದ್ದಳು. ಹಳ್ಳದ ದಂಡೆಯಲ್ಲಿ ಒಂದು ಒರತೆ ಇತ್ತು. ಮೂರಡಿ ಅಗಲದ ಕಲ್ಲುಗುಂಡಿ. ಹಳ್ಳ ಒಣಗಿದರೂ ಒರತೆ ಒಣಗುತ್ತಿರಲಿಲ್ಲ. ಸಸಿಮಡಿಗೆ ಅದೇ ಜೀವ. ಒಡ್ಡು ಬಿದ್ದ ಮೇಲೆ ಆ ಒರತೆ ಯಾರ ಪಾಲಿಗೆ ಬರುತ್ತದೆ ಎಂಬುದೊಂದೇ ಅಲ್ಲಿ ಕೇಳಬೇಕಾಗಿದ್ದ ಪ್ರಶ್ನೆ. ಅದನ್ನು ಅಣ್ಣನೂ ಕೇಳಲಿಲ್ಲ, ತಂಗಿಯೂ ಕೇಳಲಿಲ್ಲ. ಕಲ್ಲು ಹೇಳುತ್ತದೆ ಎಂದು ಇಬ್ಬರೂ ಸುಮ್ಮನಿದ್ದರು.

ದಂಡೆಯ ಸಸಿಮಡಿ ಬಿಟ್ಟರೆ ಹೊಲದ ತುಂಬ ಆಳೆತ್ತರದ ಕಬ್ಬು ನಿಂತಿತ್ತು. ಮೇಲಿನ ಮೂಲೆಯಲ್ಲಿ ನಿಂತರೆ ಹಳ್ಳ ಕಾಣುತ್ತಿರಲಿಲ್ಲ. ಬೇರೆ ದಿನವಾಗಿದ್ದರೆ ಉಸ್ಮಾನಸಾಬ, "ಕಬ್ಬು ಕಡೀರಿ, ಆಮ್ಯಾಲ ಬರ್ತೇನಿ" ಎನ್ನುತ್ತಿದ್ದ. ಈಗ ಅನ್ನಲಿಲ್ಲ. ಮೂರೂ ಬದಿ ಸುತ್ತು ಹಾಕಿ ಅಳೆದ. ಹೊನ್ನವ್ವನ ಕಡೆಯ ಬದಿ ಆರು ಸರಪಳಿ, ಶಂಕ್ರಪ್ಪನ ಕಡೆಯದು ಎಂಟು, ಹಳ್ಳದ ದಂಡೆ ಹತ್ತು. ಆರಾರಲೆ ಮೂವತ್ತಾರು, ಎಂಟೆಂಟಲೆ ಅರವತ್ತನಾಲ್ಕು, ಕೂಡಿದರೆ ನೂರು. ಹತ್ತು ಹತ್ತಲೆ ನೂರು. ಮೂಲೆ ನೆಟ್ಟಗಿದೆ ಎಂದು ಅಲ್ಲಿಗೆ ಖಾತ್ರಿಯಾಯಿತು. ಮೂವತ್ತಾರನ್ನು ಹತ್ತರಿಂದ ಭಾಗಿಸಿದ. ಮೂರು ದಶಾಂಶ ಆರು.

"ಕಬ್ಬಿನ ಒಳಗ ಹೋಗ್ದನ ಹೇಳ್ತೀರಿ?" ಎಂದು ಶಂಕ್ರಪ್ಪ ಹುಬ್ಬು ಏರಿಸಿದ.

"ಕಣ್ಣು ಮುಚ್ಚಿ ಹೇಳ್ತೇನಿ," ಎಂದ ಉಸ್ಮಾನಸಾಬ.

ಹೊನ್ನವ್ವನ ತುದಿಯಿಂದ ದಂಡೆಯಗುಂಟ ಸರಪಳಿ ಹಾಸುತ್ತ ಹೋದ. ಮೂರು ಸರಪಳಿ ಮುಗಿದವು. ನಾಲ್ಕನೆಯದರಲ್ಲಿ ಅವನ ಬೆರಳುಗಳು, ಮೂವತ್ತು ವರ್ಷದ ರೂಢಿಯಂತೆ, ಬಿಲ್ಲೆ ಎಣಿಸುತ್ತ ಆರಕ್ಕೆ ನಿಂತವು. ಅಲ್ಲಿ ಗೂಟ ಹೊಡೆದ. ಇದ್ದಲು ಬಿತ್ತು, ಕಲ್ಲು ನಿಂತಿತು. ಒರತೆ ಕಲ್ಲಿನ ಆಚೆಗೆ, ನಾಲ್ಕಡಿ ದೂರದಲ್ಲಿ, ಶಂಕ್ರಪ್ಪನ ಪಾಲಿಗೆ ಉಳಿಯಿತು. ಹೊನ್ನವ್ವ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು.

ತಿಂಗಳ ನಂತರ ಹತ್ತಿಮತ್ತೂರಿನಲ್ಲಿ ಇಂಥದೇ ಇನ್ನೊಂದು ಹೊಲ ಸಿಕ್ಕಿತು. ಒಂಬತ್ತು, ಹನ್ನೆರಡು, ಹದಿನೈದು. ಲಂಬ ಬೀಳುವ ಜಾಗ ಒಂದು ತುದಿಯಿಂದ ಐದು ದಶಾಂಶ ನಾಲ್ಕು, ಇನ್ನೊಂದು ತುದಿಯಿಂದ ಒಂಬತ್ತು ದಶಾಂಶ ಆರು. ಅಲ್ಲಿಯ ಅಣ್ಣತಮ್ಮಂದಿರಿಗೆ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇರಲಿಲ್ಲ. ಇಬ್ಬರ ಕಡೆಯಿಂದಲೂ ಅಳೆಯಬೇಕೆಂದು ಹಟ ಹಿಡಿದರು. ಉಸ್ಮಾನಸಾಬ ನಗುತ್ತ ಅಳೆದ. ಒಂದು ಕಡೆಯಿಂದ ಗೂಟ ಹೊಡೆದ, ಇನ್ನೊಂದು ಕಡೆಯಿಂದ ಬಂದು ಇನ್ನೊಂದು ಗೂಟ ಹೊಡೆದ. ತಲೆ ಎತ್ತಿ ನೋಡಿದರೆ ಎರಡು ಗೂಟಗಳ ನಡುವೆ ಹನ್ನೆರಡು ಅಡಿ ನೆಲ ಬಿಸಿಲು ಕಾಯಿಸಿಕೊಳ್ಳುತ್ತ ಮಲಗಿತ್ತು.

"ಸಾಬರ," ಎಂದ ತಮ್ಮ ಹೊಳಬಸಪ್ಪ, "ಇದು ನಮ್ಮಣ್ಣಂದು, ಅದು ನಂದು. ನಡುವಿಂದು ಯಾರ್ದ್ರಿ? ನೀವ ಬಂದು ಮನಿ ಕಟ್ಟಿಸ್ತೀರೇನು?"

ಎಲ್ಲರೂ ನಕ್ಕರು. ಉಸ್ಮಾನಸಾಬನೂ ನಗಲು ಹೋದ. ಬಾಯಿ ತೆರೆಯಿತು, ನಗು ಬರಲಿಲ್ಲ. ಸರಪಳಿಯನ್ನು ಮತ್ತೆ ಹಾಸಿ ಬಿಲ್ಲೆಗಳನ್ನು ಎಣಿಸಿದ. ಹತ್ತರಲ್ಲಿ ನಾಲ್ಕು ಪಾಲು ಇರಬೇಕಾದಲ್ಲಿ ಅವನು ಹದಿನಾರರಲ್ಲಿ ನಾಲ್ಕು ಪಾಲು ಹಿಡಿದಿದ್ದ. ತಲೆ ದಶಾಂಶದಲ್ಲಿ ಲೆಕ್ಕ ಮಾಡಿತ್ತು, ಕೈ ಆಣೆಯಲ್ಲಿ ಅಳೆದಿತ್ತು. ನಾಲ್ಕನ್ನು ಹದಿನಾರರಿಂದ ಗುಣಿಸಿ ಹತ್ತರಿಂದ ಭಾಗಿಸಬೇಕೆಂದು ಮಾಸ್ತರರು ಹೇಳಿಕೊಟ್ಟಿದ್ದರು. ತಿಂಗಳ ಹಿಂದೆಯೇ ಮರೆತಿದ್ದ. ಹತ್ತಿಮತ್ತೂರಿನ ಗೂಟ ತಿದ್ದುವುದು ಗಳಿಗೆಯ ಕೆಲಸವಾಯಿತು. ಆದರೆ ಅವನ ಎದೆಯಲ್ಲಿ ಆಗಲೇ ಆಡೂರಿನ ಕಲ್ಲು ನಿಂತುಬಿಟ್ಟಿತ್ತು.

ಸವಣೂರಿಗೆ ಬಂದವನೇ ಶಾಲೆಯ ಕಟ್ಟೆಗೆ ಹೋಗಿ ಕೂತ. ಮಾಸ್ತರರು ಎಲ್ಲ ಕೇಳಿ ಕನ್ನಡಕ ತೆಗೆದರು.

"ಕಬ್ಬಿನ ಹೊಲ. ಯಾರೂ ತಿರುಗಿ ಅಳಿಯೂದಿಲ್ಲ ಬಿಡ್ರಿ," ಎಂದರು. ಅವನ ಮುಖ ನೋಡಿ ದನಿ ತಗ್ಗಿಸಿದರು. "ಹಂಗಂದ್ರ, ಒಂದು ಕಾಗದ ಬರೀಲೇನು?"

"ಕಲ್ಲು ಕಾಗದ ಓದೂದಿಲ್ರಿ ಮಾಸ್ತರ. ನಾನ ಹೋಗಬೇಕು."

ಮರುದಿನ ಹಾನಗಲ್ಲಿನ ಮೋಟಾರು ಹತ್ತಿದ. ಪೆಟ್ರೋಲು ಸಿಗದ ದಿನಗಳು. ಹಿಂದೆ ದೊಡ್ಡ ಪೀಪಾಯಿ ಕಟ್ಟಿಕೊಂಡು, ಇದ್ದಲು ಸುಟ್ಟ ಹೊಗೆಯ ಬಲದಲ್ಲಿ ಓಡುತ್ತಿದ್ದ ಮೋಟಾರು ಏರು ಬಂದಾಗಲೆಲ್ಲ ನಿಲ್ಲುತ್ತಿತ್ತು. ಜನ ಇಳಿದು ನೂಕುತ್ತಿದ್ದರು. ನೂಕುತ್ತ ನೂಕುತ್ತ ಉಸ್ಮಾನಸಾಬ ಯೋಚಿಸಿದ. ಹೊನ್ನವ್ವನಿಗೆ ನೀರು ಹೋಯಿತು, ಅದನ್ನು ಮರಳಿ ಕೊಡಬಹುದು. ಆದರೆ ತಾನು ನೆಟ್ಟ ಕಲ್ಲನ್ನು ತಾನೇ ಕಿತ್ತರೆ ಒಂದೇ ಕಲ್ಲು ಅಲುಗುವುದಿಲ್ಲ. ನಾಲ್ಕು ತಾಲೂಕುಗಳಲ್ಲಿ, ಮೂವತ್ತು ವರ್ಷಗಳಲ್ಲಿ ನೆಟ್ಟ ಎಲ್ಲ ಕಲ್ಲುಗಳೂ ಅಲುಗುತ್ತವೆ. ಜಗಳ ಮುಗಿದ ಮನೆಗಳಲ್ಲಿ ಜಗಳ ಎದ್ದು ಕೂರುತ್ತದೆ. ಒಂದು ಏರಿನಲ್ಲಿ ಮೋಟಾರು ಮುಂದೆ ಹೋಗಿ ನಿಂತಿತು, ಅವನು ಹಿಂದೆಯೇ ನಿಂತುಬಿಟ್ಟಿದ್ದ. ಡ್ರೈವರು ಕೂಗಿದ: "ಅಜ್ಜಾ, ಬರ್ತೀಯೋ, ವಾಪಸ್ ಹೋಗ್ತೀಯೋ?"

"ಬಂದೆ, ಬಂದೆ," ಎಂದು ಚೀಲ ಏರಿಸಿಕೊಂಡು ಓಡಿದ.

ಆಡೂರಿನ ದಾರಿಯಲ್ಲಿ ಮೊದಲು ಸಿಕ್ಕವಳು ಹೊನ್ನವ್ವ. ತಲೆಯ ಮೇಲೊಂದು ಕೊಡ, ಕಂಕುಳಲ್ಲೊಂದು ಕೊಡ. ಕೆರೆಯಿಂದ ಬರುತ್ತಿದ್ದಳು. ಹಳ್ಳ ಆಗಲೇ ಬತ್ತಿತ್ತು, ಕೆರೆ ಅರ್ಧ ಮೈಲಿ ಆಚೆ.

"ಕಾಕಾ! ಇದೇನು, ಹೇಳದ ಕೇಳದ?"

"ಒರತಿ ಬಿಟ್ಟು ಕೆರಿಗೆ ಯಾಕ ಹೋಗಿದ್ದಿ ನಮ್ಮವ್ವ?"

"ಒರತಿ ಅಣ್ಣನ ಪಾಲಿಗೆ ಹೋತಲ್ಲ. ತುಂಬ್ಕೋ ಅಂತಾನ, ಇಲ್ಲ ಅನ್ನಾಂಗಿಲ್ಲ. ಆದ್ರ ದಿನಾ ದಿನಾ ಕೇಳಿ ತುಂಬೂದಕ್ಕಿಂತ ಕೆರಿನ ಸನೇಕ ಅನಿಸ್ತೈತಿ."

"ಅಪ್ಪ ಅದನ್ನ ನಿನಗಂತ ಹೇಳಿದ್ನೇನು?"

"ಒರತಿ ನಿನ್ನ ಕಡೆ ಬರ್ತೈತಿ ತಂಗಿ ಅಂತಿದ್ದ. ಅಂವೇನು ಅಳದಿದ್ನೇನು, ಕಣ್ಣಳತಿ."

"ಹಂಗಿದ್ರ ಅವತ್ತ ನನ್ನ ಯಾಕ ಕೇಳಲಿಲ್ಲ?"

ಅವಳಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ನೀನು ಕಲ್ಲು ಇಟ್ಟ ಮ್ಯಾಲ ಏನ ಕೇಳೂದು ಕಾಕಾ?" ಎಂದಳು.

ಉಸ್ಮಾನಸಾಬ ಅವಳ ಕಂಕುಳಿನ ಕೊಡ ಇಸಿದುಕೊಂಡ. ಸಸಿಮಡಿಯವರೆಗೂ ಹೊತ್ತು ತಂದ. ಮಡಿಯ ಒಂದು ಬದಿ ಹಸಿರಾಗಿತ್ತು. ಇನ್ನೊಂದು ಬದಿಯ ಸಸಿಗಳು ಕುತ್ತಿಗೆ ಬಾಗಿಸಿ ಮಲಗಿದ್ದವು. ನೀರು ಅಲ್ಲಿಯವರೆಗೆ ಮುಟ್ಟಿರಲಿಲ್ಲ.

ಶಂಕ್ರಪ್ಪನನ್ನು ಕರೆಸಿದ. ಅವನ ಹಿಂದೆ ನೆರೆಹೊಲದ ಮೂರು ನಾಲ್ಕು ಮಂದಿಯೂ ಬಂದರು. ಹಳ್ಳದ ದಂಡೆಯಲ್ಲಿ, ಆ ಕಲ್ಲಿನ ಎದುರು, ಉಸ್ಮಾನಸಾಬ ಸುತ್ತು ಬಳಸದೆ ಹೇಳಿದ:

"ಶಂಕ್ರಪ್ಪ, ನನ್ನ ಕಡಿಂದ ತಪ್ಪಾಗೇತ್ರಿ. ಈ ಕಲ್ಲು ತನ್ನ ಜಾಗಾದಾಗ ಇಲ್ಲ. ಎಂಟಡಿ ಮ್ಯಾಲ ಆಚಿಗೆ ಹೋಗಬೇಕು."

ಶಂಕ್ರಪ್ಪ ಕೆಟ್ಟ ಮನುಷ್ಯನಲ್ಲ. ಆದರೆ ಸಿಕ್ಕದ್ದನ್ನು ಬಿಡುವುದು ಯಾರಿಗೂ ಸುಲಭವಲ್ಲ.

"ತಪ್ಪು ನಿಮ್ದು, ಸಾಬರ. ಕಲ್ಲು ಈಗ ನಂದು," ಎಂದ.

"ಹೌದು, ತಪ್ಪು ನಂದು. ಅದಕ್ಕ ಬಂದೇನಿ."

"ಇದ್ದಲಾ ಹಾಕಿ ನೆಟ್ಟ ಕಲ್ಲು ಕೀಳ್ತೀರಿ? ಹಂಗಾದ್ರ ನಮ್ಮ ಕಾಕಾನ ಹೊಲಾ ನೀವ ಅಳದಿದ್ರಿ, ಅದೂ ಹಿಂಗನ? ಈ ಪರಮೇಶಪ್ಪಂದು ಅಳದ್ರಿ, ಅದೂ ಹಿಂಗನ? ಇನ್ನ ಮ್ಯಾಲ ನಿಮ್ಮ ಕಲ್ಲನ್ನ ಯಾರು ನಂಬಬೇಕು?"

ದಾರಿಯುದ್ದಕ್ಕೂ ಹೆದರಿದ್ದ ಮಾತು ಅದೇ. ಕೇಳಿದ ಮೇಲೆ ಮಾತ್ರ ಅದು ಅಂದುಕೊಂಡಷ್ಟು ಭಾರವಾಗಿರಲಿಲ್ಲ.

"ನಂಬೂದು ಬ್ಯಾಡ್ರಿ. ಯಾರ್ಯಾರು ಬೇಕಂತಾರ ಅವರ ಹೊಲಾ ತಿರುಗಿ ಅಳಿತೇನಿ. ನಿಮ್ಮ ಕಾಕಾಂದು, ಪರಮೇಶಪ್ಪಂದು, ಎಲ್ಲಾರ್ದೂ. ಆದ್ರ ಮೊದಲ ಇದು."

ಪರಮೇಶಪ್ಪ ಎಂಬ ಆ ನೆರೆಯವನು, "ನಂದು ಬ್ಯಾಡ ಮಾರಾಯಾ, ಇದ್ದಷ್ಟ ಇರಲಿ" ಎಂದು ಹಿಂದೆ ಸರಿದ. ಒಂದಿಬ್ಬರು ನಕ್ಕರು. ಆ ನಗುವಿನಲ್ಲಿ ಶಂಕ್ರಪ್ಪನ ಬಿಗಿ ಒಂದಿಷ್ಟು ಸಡಿಲಿತು.

ಉಸ್ಮಾನಸಾಬ ಮರಳಿನ ಮೇಲೆ ಬೆರಳಿನಿಂದ ಬರೆದು ತೋರಿಸಿದ. ಮೂರು ದಶಾಂಶ ಆರು. ಆ ಆರು, ಹತ್ತರಲ್ಲಿ ಆರು. ಸರಪಳಿಯಲ್ಲಿ ಇರುವುದು ಹದಿನಾರು. ಆರನ್ನು ಹದಿನಾರರಿಂದ ಗುಣಿಸಿ ಹತ್ತರಿಂದ ಭಾಗಿಸಿದರೆ ಒಂಬತ್ತು ದಶಾಂಶ ಆರು ಆಣೆ. ಅರ್ಧ ದಾಟಿತು, ಹತ್ತಾಣೆ. ಹೊನ್ನವ್ವನ ತುದಿಯಿಂದ ಸರಪಳಿ ಹಾಸಿ ಮೂರು ಸರಪಳಿ ಹತ್ತಾಣೆಗೆ ಗೂಟ ಇಟ್ಟ. ಒರತೆ ಎಂಟನೆಯ ಆಣೆಯಿಂದ ಒಂಬತ್ತೂವರೆಯವರೆಗೆ ಇತ್ತು. ಪೂರ್ತಿ ಒಳಗೆ ಬಂದು, ಪಕ್ಕದಲ್ಲಿ ಒಂದು ಕೊಡ ಇಡುವಷ್ಟು ಜಾಗವೂ ಉಳಿಯಿತು.

ಶಂಕ್ರಪ್ಪ ಬಗ್ಗಿ ಬಿಲ್ಲೆಗಳನ್ನು ತಾನೇ ಎಣಿಸಿದ. ತಲೆ ಎತ್ತಿದ.

"ಒಂಬತ್ತು ಆಣಿ ಆರು ಪಾಲು ಅಂತ ನೀವ ಅಂದ್ರಿ. ಒಂಬತ್ತು ಹಿಡೀರಿ. ಆ ಆರು ಪಾಲು ಬಿಟ್ಟುಬಿಡ್ರಿ."

ಒಂಬತ್ತಕ್ಕೆ ಹಿಡಿದರೆ ಕಲ್ಲು ಒರತೆಯ ಬಾಯಲ್ಲೇ ಬೀಳುತ್ತಿತ್ತು. ಎಲ್ಲರಿಗೂ ಅದು ಕಂಡಿತು.

"ಅರ್ಧಕ್ಕ ಕಮ್ಮಿ ಇದ್ದಿದ್ರ ಬಿಡ್ತಿದ್ದೆ."

"ಆಕಿಗಾದ್ರ ಪೂರಾ ಹಿಡೀತೀರಿ. ನನಗಾದ್ರ?"

ಹೊನ್ನವ್ವ ನಡುವೆ ಬಂದಳು. "ಬಿಡು ಕಾಕಾ. ಅಣ್ಣ ಒಂಬತ್ತಂದ್ರ ಒಂಬತ್ತ ಇರಲಿ."

"ನೀ ಸುಮ್ನಿರವ್ವ. ಇದು ನಿನ್ನ ಮಾತೂ ಅಲ್ಲ, ಅವರ ಮಾತೂ ಅಲ್ಲ." ಉಸ್ಮಾನಸಾಬ ಸರಪಳಿಯ ಹಿಡಿಕೆಯನ್ನು ಶಂಕ್ರಪ್ಪನ ಕೈಗೆ ಕೊಟ್ಟ. "ನಿಮ್ಮ ತುದಿಯಿಂದ ಅಳೀರಿ. ನೀವ ಎಳೀರಿ, ನಾ ಮುಟ್ಟೂದಿಲ್ಲ. ನಿಮ್ಮ ಬದಿ ಎಂಟು. ಎಂಟೆಂಟಲೆ ಅರವತ್ನಾಕು, ಹತ್ತರಿಂದ ಭಾಗಿಸಿದ್ರ ಆರು ದಶಾಂಶ ನಾಕು. ಆ ನಾಕಕ್ಕ ಆರು ಆಣಿ, ಮ್ಯಾಲ ನಾಕು ಪಾಲು. ಈಗ ಹೇಳ್ರಿ, ಅರ್ಧಕ್ಕ ಕಮ್ಮಿಯೋ ಹೆಚ್ಚೋ?"

"ಕಮ್ಮಿ."

"ಕಮ್ಮಿ. ಅದನ್ನ ಬಿಡೂಣು. ಆರು ಸರಪಳಿ ಆರಾಣೆಗೆ ಗೂಟ ಹೊಡೀರಿ."

ಶಂಕ್ರಪ್ಪ ಎಳೆದ. ಪರಮೇಶಪ್ಪ ಹಿಂದಿನ ತುದಿ ಹಿಡಿದ. ಕೆಸರು ದಾಟಿ, ಮುಳ್ಳುಕಂಟಿ ಸರಿಸಿ, ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸುತ್ತ ಬಂದರು. ಆರು ಸರಪಳಿ ಮುಗಿದು ಬಿಲ್ಲೆಗಳ ಎಣಿಕೆ ಶುರುವಾದಾಗ ಶಂಕ್ರಪ್ಪನ ದನಿ ನಿಧಾನವಾಯಿತು. ಆರನೆಯ ಬಿಲ್ಲೆ ಉಸ್ಮಾನಸಾಬ ಇಟ್ಟಿದ್ದ ಗೂಟಕ್ಕೇ ಬಂದು ತಗುಲಿತು. ಹೊಡೆಯಲು ಎರಡನೆಯ ಗೂಟಕ್ಕೆ ಜಾಗವಿರಲಿಲ್ಲ.

ಶಂಕ್ರಪ್ಪ ಗೂಟವನ್ನೂ ಬಿಲ್ಲೆಯನ್ನೂ ಮತ್ತೊಮ್ಮೆ ಮುಟ್ಟಿ ನೋಡಿದ.

"ಒಂಬತ್ತಕ್ಕ ಹಾಕಿದ್ರ?" ಎಂದ ಶಂಕ್ರಪ್ಪ. ಈ ಸಲ ಅದು ವಾದವಾಗಿರಲಿಲ್ಲ, ತಿಳಿಯುವ ಆಸೆಯಾಗಿತ್ತು.

"ನಡುವ ಒಂದು ಆಣಿ ನೆಲಾ ಉಳೀತೈತಿ. ನಿಮ್ದೂ ಅಲ್ಲ, ಆಕಿದೂ ಅಲ್ಲ. ಅಂಥಾ ನೆಲಾ ಇಟ್ಟು ಹೋದ್ರ ನಿಮ್ಮ ಮೊಮ್ಮಕ್ಕಳು ಕೋಲು ಹಿಡಿತಾರ."

ಶಂಕ್ರಪ್ಪ ಕೈಗಳ ಕೆಸರನ್ನು ಒಟ್ಟಿಗೆ ತಿಕ್ಕಿ ಉದುರಿಸಿದ. ಆಮೇಲೆ ಪರಮೇಶಪ್ಪನ ಕಡೆ ತಿರುಗಿ, "ಹಾರಿ ತಗೊಂಡು ಬಾ" ಎಂದ.

ಕಲ್ಲು ಕೀಳುವುದು ಸುಲಭವಾಯಿತು. ಇದ್ದಲು ಆರಿಸುವುದು ಕಷ್ಟವಾಯಿತು. ಒಂದು ಚೂರು ಉಳಿದರೂ ಅದು ಸುಳ್ಳು ಸಾಕ್ಷಿ. ಉಸ್ಮಾನಸಾಬ ನೋಯುವ ಮೊಳಕಾಲು ಊರಿ, ಗುಂಡಿಗೆ ಕೈ ಇಳಿಸಿ, ಮಣ್ಣನ್ನು ಬೊಗಸೆ ಬೊಗಸೆಯಾಗಿ ಮೇಲೆ ತಂದು ಬೆರಳಾಡಿಸಿ ಆರಿಸಿದ. ಶಂಕ್ರಪ್ಪ ಒಂದು ಗಳಿಗೆ ನಿಂತು ನೋಡಿ, ಎದುರಿಗೆ ಕೂತು ತಾನೂ ಆರಿಸತೊಡಗಿದ. ಹೊನ್ನವ್ವ ಸೆರಗು ಒಡ್ಡಿದಳು. ಕೊನೆಯ ಚೂರು ಸಿಕ್ಕುವ ಹೊತ್ತಿಗೆ ಮೂವರ ಕೈಗಳೂ ಕಪ್ಪಾಗಿದ್ದವು.

ಹೊಸ ಜಾಗದಲ್ಲಿ ಕಲ್ಲು ನಿಂತ ಮೇಲೆ ಶಂಕ್ರಪ್ಪ ಒರತೆಯ ನೀರಿನಲ್ಲಿ ಕೈ ತೊಳೆದು, "ಹೊನ್ನೀ, ಇನ್ನ ಮ್ಯಾಲ ನಾ ನಿನ್ನ ಕೇಳಿ ನೀರು ತುಂಬಬೇಕೇನು?" ಎಂದ.

"ಕೇಳಿದ್ರ ಕೊಡಾಂಗಿಲ್ಲ. ಕೇಳದ ತುಂಬ್ಕೋ," ಎಂದಳು ಹೊನ್ನವ್ವ.

ಮುಂದಿನ ಎರಡು ಬೇಸಿಗೆಗಳನ್ನು ಉಸ್ಮಾನಸಾಬ ತನ್ನ ಹಳೆಯ ಕಲ್ಲುಗಳ ಹಿಂದೆ ನಡೆದೇ ಕಳೆದ. ಆಡೂರಿನ ಸುದ್ದಿ ಅವನಿಗಿಂತ ಮೊದಲೇ ಊರೂರು ಮುಟ್ಟಿತ್ತು. ಕೆಲವರು ಅವನನ್ನು ಮತ್ತೆ ಕರೆಯಲಿಲ್ಲ. ಕೆಲವರು ಹೊಲ ತಿರುಗಿ ಅಳೆ ಎಂದರು, ಅಳೆದ. ಕೇಳದವರ ಹೊಲವನ್ನೂ ಅಳೆದ. ಹಿರೇಕೆರೂರಿನ ಕಡೆಯ ಒಂದು ಕೆಂಪು ಹೊಲದಲ್ಲಿ ಒಬ್ಬ ಮುದುಕ ಗಾಬರಿಯಿಂದ ಓಡಿ ಬಂದು, "ನಾವ್ಯಾರೂ ಕರದಿಲ್ಲಲ್ರಿ ಸಾಬರ, ನಮಗೇನೂ ಜಗಳಿಲ್ಲ" ಎಂದ.

"ನನಗೈತಿ," ಎಂದ ಉಸ್ಮಾನಸಾಬ.

ಎರಡೂ ಕಡೆಯಿಂದ ಅಳೆದ. ಕಲ್ಲು ತನ್ನ ಜಾಗದಲ್ಲೇ ಇತ್ತು. ಅದರ ಪಕ್ಕದಲ್ಲಿ ಕುಳಿತು ಮೊಳಕಾಲು ಒತ್ತಿಕೊಳ್ಳುತ್ತ, ಮುಂದಿನ ಊರಿಗೆ ದಾರಿ ಯಾವ ಕಡೆ ಎಂದು ಮುದುಕನನ್ನು ಕೇಳಿದ.